ಪೀಚೆಕತ್ತಿಗೆ ಹೆಸರು ಹಾಕಿಸುವ ಮುನ್ನ: ಕೆತ್ತನೆ ಕೆಲಸದ ಮಾತು ತಿಳಿಯುವ ಬಗೆ

ಅಜ್ಜಿಯ ಬೆಳ್ಳಿ ಪನ್ನೀರುದಾನಿಗೆ ಅವರ ಹೆಸರು ಹಾಕಿಸೋಣವೆಂದು ಕೆಲವು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಗೆ ಹೋಗಿದ್ದೆ. ‘ಹೆಸರು ಕೆತ್ತಿ ಕೊಡಿ’ ಎಂದೆ. ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಕ್ಷರಗಳು ಕಪ್ಪಗೆ, ಚೊಕ್ಕವಾಗಿ, ಮದುವೆ ಕಾಗದದಲ್ಲಿ ಅಚ್ಚಾದ ಹಾಗೆ ಕಾಣುತ್ತಿದ್ದವು. ಎರಡು ಹಬ್ಬಕ್ಕೆ ಉಜ್ಜಿ ತೊಳೆದೆವು. ಅಜ್ಜಿಯ ಹೆಸರಿನಲ್ಲಿ ಉಳಿದದ್ದು ಒಂದು ದೀರ್ಘ, ಅರ್ಧ ಸೊನ್ನೆ.

ಅಂಗಡಿಯವನು ಮೋಸ ಮಾಡಿದ ಎನ್ನಲಾರೆ. ಅವನ ಮಟ್ಟಿಗೆ ಕೆತ್ತನೆಯೆಂದರೆ ಲೇಸರಿನಲ್ಲಿ ಬೆಳ್ಳಿಯ ಮೈಯನ್ನು ತುಸು ಸುಟ್ಟು ಕಪ್ಪಾಗಿಸುವುದು. ನನ್ನ ಮನಸ್ಸಿನಲ್ಲಿದ್ದದ್ದು ಬೆರಳಿಟ್ಟರೆ ತಾಗುವ ಕೆತ್ತನೆ. ಇಬ್ಬರೂ ಒಂದೇ ಮಾತು ಆಡಿ ಎರಡು ಬೇರೆ ಕೆಲಸ ಅಂದುಕೊಂಡಿದ್ದೆವು. ಆಮೇಲೆ ಅದನ್ನೇ ಹಿಡಿದುಕೊಂಡು ವಯಸ್ಸಾದ ಅಕ್ಕಸಾಲಿಗರೊಬ್ಬರ ಹತ್ತಿರ ಹೋದೆ. ಅವರು ಕನ್ನಡಕ ಮೇಲೇರಿಸಿ ಕೇಳಿದ ಮೊದಲ ಪ್ರಶ್ನೆ: ‘ಕೊರೀಬೇಕಾ, ತಟ್ಟಿ ಎಬ್ಬಿಸಬೇಕಾ, ಗೀರಿದ್ರೆ ಸಾಕಾ?’

ಆ ಮೂರು ಕ್ರಿಯಾಪದಗಳು ಮೊದಲೇ ಗೊತ್ತಿದ್ದರೆ ದುಡ್ಡೂ ಉಳಿಯುತ್ತಿತ್ತು, ಅಜ್ಜಿಯ ಹೆಸರೂ ಉಳಿಯುತ್ತಿತ್ತು. ಕೊಡಗಿನಲ್ಲಿ ಕೆತ್ತಿಸುವ ಸಂದರ್ಭಕ್ಕೆ ಬರವಿಲ್ಲ. ಮದುವೆಗೆ ಮುಂಚೆ ಪೀಚೆಕತ್ತಿ (ಕೊಡವ ಗಂಡಸರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ), ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ ಗೇಟಿಗೆ ಹಿತ್ತಾಳೆ ಫಲಕ, ಕೈಮಡದ, ಅಂದರೆ ಹಿರಿಯರ ಗುಡಿಯ ಬಳಿ ನೆನಪಿನ ಕಲ್ಲು, ಹಾಕಿ ಪಂದ್ಯದ ಕಪ್ಪು, ಕಾಫಿ ಚೀಲದ ಗುರುತು. ಇವುಗಳಲ್ಲಿ ಯಾವುದಕ್ಕೆ ಹೊರಟಿದ್ದರೂ ಅಂಗಡಿ ಮೆಟ್ಟಿಲು ಹತ್ತುವ ಮುನ್ನ ಇಷ್ಟು ಮಾಡಿ.

ಮೊದಲ ಹೆಜ್ಜೆ: ಕ್ರಿಯಾಪದ ಆರಿಸಿಕೊಳ್ಳಿ

ಕನ್ನಡದ ‘ಕೆತ್ತು’ ಬಲು ಉದಾರಿ. ಬಡಗಿ ಮರ ಕೆತ್ತುತ್ತಾನೆ, ಶಿಲ್ಪಿ ಕಲ್ಲು ಕೆತ್ತುತ್ತಾನೆ, ಉಂಗುರಕ್ಕೆ ಹರಳನ್ನೂ ಕೆತ್ತುತ್ತಾರೆ. ಮೊದಲಿನ ಎರಡರಲ್ಲಿ ಇದ್ದದ್ದು ಹೋಗುತ್ತದೆ, ಮೂರನೆಯದರಲ್ಲಿ ಇಲ್ಲದ್ದು ಬಂದು ಕೂರುತ್ತದೆ. ಇಂಥ ಪದವನ್ನು ಅಂಗಡಿಯಲ್ಲಿ ಒಂಟಿಯಾಗಿ ಬಿಟ್ಟು ಬಂದರೆ ಅದು ಯಾರ ಮನೆಗಾದರೂ ಹೋದೀತು. ಅದಕ್ಕೇ ಲೋಹ ಏನಾಗಬೇಕು ಎಂಬುದನ್ನು ಮೊದಲು ತೀರ್ಮಾನಿಸಿ: ಹೋಗಬೇಕೇ, ಸರಿಯಬೇಕೇ, ಕರಗಬೇಕೇ, ಸುಡಬೇಕೇ, ಸೇರಬೇಕೇ?

ಲೋಹ ನಿಜವಾಗಿ ಹೋಗುವುದು ಕೊರೆಯುವಾಗ. ಮಡಿಕೇರಿಯ ಜನವರಿ ಚಳಿಯನ್ನು ‘ಕೊರೆಯುವ ಚಳಿ’ ಅನ್ನುತ್ತೇವಲ್ಲ, ಅದೇ ಕೊರೆ. ಚೂಪು ಉಳಿಯನ್ನು ಅಂಗೈಯಿಂದ ಒತ್ತಿ ಮುಂದಕ್ಕೆ ತಳ್ಳಿದರೆ ಬೆಳ್ಳಿ ಸಣ್ಣ ಸುರುಳಿಯಾಗಿ ಎದ್ದು ಬರುತ್ತದೆ, ಹಿಂದೆ ಹೊಳೆಯುವ ಗೆರೆ ಉಳಿಯುತ್ತದೆ. ಯುರೋಪಿನಲ್ಲಿ ಬುರಿನ್ ಎನ್ನುವ ಉಳಿಯ ಕೆಲಸ ಇದೇ. ಅಲ್ಲಿ ತಾಮ್ರದ ಹಲಗೆಯ ಮೇಲೆ ಹೀಗೆ ಕೊರೆದು, ಕೊರೆದ ಗೆರೆಗೆ ಮಸಿ ತುಂಬಿ, ಕಾಗದ ಒತ್ತಿ ಚಿತ್ರ ಅಚ್ಚು ಹಾಕುತ್ತಿದ್ದರು. ಹಳೆಗನ್ನಡದ ‘ಕಂಡರಿಸು’ ಕೂಡ ಇದೇ ಮನೆಯ ಮಾತು. ಶಾಸನಗಳಲ್ಲಿ ಅಕ್ಷರ ಕೊರೆದವನು ‘ಕಂಡರಿಸಿದಂ’. ಇಂದಿನ ಅಂಗಡಿಯಲ್ಲಿ ಈ ಪದ ಆಡಿದರೆ ಎದುರಿಗಿದ್ದವರು ಪಿಳಿಪಿಳಿ ನೋಡಬಹುದು, ಆದರೂ ‘ಕಂಡರಣೆ’ ಸತ್ತುಹೋಗಬಾರದ ಪದವೆಂಬುದು ನನ್ನ ಹಟ.

ಗೀರುವುದು ಇದರ ಬಡ ತಮ್ಮ. ವಜ್ರದ ಮೊನೆಯನ್ನು ಎಳೆದುಕೊಂಡು ಹೋಗುವ ಯಂತ್ರಗಳು ಲೋಹವನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಉಳುತ್ತವೆ. ಬಹುಮಾನದ ಕಪ್ಪಿಗೆ, ಪೆನ್ನಿಗೆ ಸಾಕು. ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ತಟ್ಟೆಗೆ ‘ಇಂಥವರ ಪ್ರೀತಿಯ ಕಾಣಿಕೆ’ ಎಂದು ಟರ್ರೆನ್ನುತ್ತ ಬರೆಯುವ ಕರೆಂಟಿನ ಪೆನ್ನು ಇನ್ನೊಂದು ಬಗೆ: ಅದು ಚುಕ್ಕಿ ಹೊಡೆತ. ನಮ್ಮ ಮನೆಗಳ ಬಂಧುತ್ವದ ದಾಖಲೆಯೆಲ್ಲ ಆ ಚುಕ್ಕಿಗಳಲ್ಲೇ ಇದೆ. ತಟ್ಟೆ ತಿರುಗಿಸಿ ಓದಿದರೆ ಯಾರು ಯಾರ ಮದುವೆಗೆ ಬಂದಿದ್ದರು ಅನ್ನುವುದು ತಿಳಿಯುತ್ತದೆ. ಬೆಳ್ಳಿಗೆ ಮಾತ್ರ ಅದನ್ನು ಹಚ್ಚಿಸಬೇಡಿ.

ತಟ್ಟುವುದರಲ್ಲಿ ಲೋಹ ಎಲ್ಲಿಗೂ ಹೋಗುವುದಿಲ್ಲ, ಸರಿದುಕೊಳ್ಳುತ್ತದೆ. ತಗಡನ್ನು ಹಿಂದಿನಿಂದ ಮೊಂಡು ಉಳಿಯಲ್ಲಿ ತಟ್ಟಿ ಉಬ್ಬಿಸಿ, ಮುಂದಿನಿಂದ ಸಣ್ಣ ಉಳಿಯಲ್ಲಿ ಗೆರೆ ತಿದ್ದುತ್ತಾರೆ. ಇದು ಉಬ್ಬುಕೆಲಸ. ನಕಾಸೆ ಕೆಲಸ ಎಂದರೂ ಅರ್ಥವಾಗುತ್ತದೆ. ದೇವರ ಬೆಳ್ಳಿ ಮುಖವಾಡ, ಪ್ರಭಾವಳಿ, ಕುಂಕುಮ ಭರಣಿಯ ಮುಚ್ಚಳದ ಹೂ ಇವೆಲ್ಲ ಸಾಮಾನ್ಯವಾಗಿ ಇದೇ. ತಟ್ಟುವಾಗ ತಗಡು ಹರಿಯದಂತೆ ಕೆಳಗೆ ಮೆತ್ತನೆಯ ಆಸರೆ ಬೇಕು. ಅರಗು ಅಥವಾ ರಾಳಕ್ಕೆ ಇಟ್ಟಿಗೆ ಪುಡಿ, ತುಸು ಎಣ್ಣೆ ಸೇರಿಸಿ ಕರಗಿಸಿದ ಮುದ್ದೆಯ ಮೇಲೆ ತಗಡನ್ನು ಅಂಟಿಸುತ್ತಾರೆ. ಚಳಿಗೆ ಅದು ಸೆಟೆದುಕೊಳ್ಳುತ್ತದೆ, ಬೇಸಿಗೆಗೆ ಇಳಿಯುತ್ತದೆ, ಎಣ್ಣೆಯ ಪ್ರಮಾಣ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ‘ಮಳೆ ಬಿಡಲಿ, ಆಮೇಲೆ ಕೊಡ್ತೇನೆ’ ಎಂದು ಉಬ್ಬುಕೆಲಸದವರು ಹೇಳಿದರೆ ಅದು ನೆಪವೇ ಆಗಿರಬೇಕೆಂದಿಲ್ಲ.

ಆಸಿಡ್ ತಿನ್ನಿಸುವುದು ಮೂರನೆಯದು. ಹಲಗೆಗೆ ಮೇಣ ಹಚ್ಚಿ, ಅಕ್ಷರ ಇರುವಲ್ಲಿ ಮಾತ್ರ ಮೇಣ ಕೆರೆದು, ದ್ರಾವಣದಲ್ಲಿ ಅದ್ದಿದರೆ ತೆರೆದ ಭಾಗ ಕರಗಿ ತಗ್ಗಾಗುತ್ತದೆ. ಹಿತ್ತಾಳೆ, ತಾಮ್ರದ ಫಲಕಗಳಿಗೆ ಫೆರಿಕ್ ಕ್ಲೋರೈಡ್ ಬಳಸುತ್ತಾರೆ. ಬೆಳ್ಳಿಗೆ ಅದು ನಡೆಯುವುದಿಲ್ಲ, ಮೇಲೆ ಸಿಲ್ವರ್ ಕ್ಲೋರೈಡಿನ ಪದರ ಕಟ್ಟಿಕೊಂಡು ಕೆಲಸ ನಿಂತುಬಿಡುತ್ತದೆ. ಗೇಟಿನ ಫಲಕಕ್ಕೆ ಇದು ಒಳ್ಳೆಯ ವಿಧಾನ. ಬೆಲೆಯೂ ಕೈಗೆಟುಕುತ್ತದೆ, ಆಳವೂ ಸಿಗುತ್ತದೆ.

ಸುಡುವುದು ಲೇಸರ್. ಅದರಲ್ಲೂ ಎರಡುಂಟು. ಬರಿ ‘ಮಾರ್ಕಿಂಗ್’ ಎಂದರೆ ಬಣ್ಣ ಬದಲಾಗುತ್ತದೆ ಅಷ್ಟೆ. ‘ಡೀಪ್’ ಎಂದು ಕೇಳಿದರೆ ಯಂತ್ರ ಅದೇ ಗೆರೆಯ ಮೇಲೆ ಹತ್ತಾರು ಸಲ ಓಡಿ ಗುಳಿ ಮಾಡುತ್ತದೆ. ನನ್ನ ಪನ್ನೀರುದಾನಿಗೆ ಆದದ್ದು ಮೊದಲನೆಯದು.

ಎರಕ ಹೊಯ್ಯುವುದು, ಜಾಲರಿ ಕೊಯ್ಯುವುದು, ಹರಳು ಕೂರಿಸುವುದು, ಬಿದರಿಯಲ್ಲಿ ಕಪ್ಪು ಲೋಹಕ್ಕೆ ಬೆಳ್ಳಿ ತಂತಿ ಬಡಿದು ಕೂಡಿಸುವುದು ಇವೆಲ್ಲ ಕೆತ್ತನೆಯ ನೆಂಟರು. ಹೆಸರು ಹಾಕಿಸಲು ಹೊರಟವರಿಗೆ ಇವು ಅಷ್ಟಾಗಿ ಬೇಡ.

ಮನೆಯಲ್ಲಿರುವ ಹಳೆಯ ವಸ್ತುವಿಗೆ ಯಾವ ಕೆಲಸ ಆಗಿದೆ ಎಂದು ಗುರುತಿಸಲು ಉಗುರು ಸಾಕು. ಉಗುರು ತುದಿ ಗೆರೆಯಲ್ಲಿ ಸಿಕ್ಕಿಕೊಂಡು, ಗೆರೆಯ ತಳ ಬೆಳಕಿಗೆ ಕನ್ನಡಿಯಂತೆ ಮಿಂಚಿದರೆ ಕೊರೆದದ್ದು. ತಳ ಚಪ್ಪಟೆಯಾಗಿ ತರಿತರಿಯಾಗಿದ್ದರೆ ತಿನ್ನಿಸಿದ್ದು. ಹಿಂಬದಿ ಮುಟ್ಟಿದಾಗ ಮುಂದಿನ ಉಬ್ಬಿಗೆ ಸರಿಯಾಗಿ ಗುಳಿಯಿದ್ದರೆ ತಟ್ಟಿದ್ದು. ಅಂಚೆಲ್ಲ ಗುಂಡಗೆ, ಸವೆದ ಸಾಬೂನಿನ ಹಾಗಿದ್ದರೆ ಎರಕದಲ್ಲೇ ಬಂದದ್ದು. ಕಣ್ಣಿಗೆ ಕಪ್ಪಾಗಿ ಕಂಡೂ ಉಗುರಿಗೆ ಏನೂ ಸಿಗದಿದ್ದರೆ ಅದು ಲೇಸರ್.

ಎರಡನೆಯ ಹೆಜ್ಜೆ: ಮುಟ್ಟಬಾರದ್ದನ್ನು ಬೇರೆ ಎತ್ತಿಡಿ

ಈ ಹೆಜ್ಜೆಯಲ್ಲಿ ಆತುರ ಬೇಡ. ಕೊಡಗಿನ ಒಡವೆಗಳಲ್ಲಿ ಕೆಲವು ಹೊರಗೆ ಗಟ್ಟಿ, ಒಳಗೆ ಬೇರೆಯೇ. ಜೋಮಾಲೆಯನ್ನು ತೆಗೆದುಕೊಳ್ಳಿ. ಕಪ್ಪು ದಾರಕ್ಕೆ ಪೋಣಿಸಿದ ಆ ಚಿನ್ನದ ಗುಂಡುಗಳು ಹಳೆಯ ಮಾದರಿಯಲ್ಲಿ ತೆಳು ತಗಡಿನ ಪೊಳ್ಳು ಗುಂಡುಗಳು, ಒಳಗೆ ತುಂಬಿರುವುದು ಅರಗು. ಅರಗು ಮೆತ್ತಗಾಗಲು ಕುದಿಯುವ ನೀರಿನ ಬಿಸಿಯೇ ಸಾಕು. ಅದರ ಮೇಲೆ ಬೆಸುಗೆಯ ಉರಿ ತೋರಿಸಿದರೆ ಅರಗು ತೂತಿನಿಂದ ಇಳಿದು ಗುಂಡು ತಗ್ಗಾಗುತ್ತದೆ, ಆಮೇಲೆ ಅದನ್ನು ಮೊದಲಿನಂತೆ ಮಾಡುವುದು ದೊಡ್ಡ ಕಷ್ಟ. ಜೋಮಾಲೆಗೆ ಕೊರೆತವೂ ಬೇಡ, ಬಿಸಿನೀರೂ ಬೇಡ. ಯಾವ ಕೆಲಸಕ್ಕೆ ಕೊಟ್ಟರೂ ‘ಒಳಗೆ ಅರಗು ಇದೆ’ ಎಂಬ ನಾಲ್ಕಕ್ಷರದ ಚೀಟಿ ಕಟ್ಟಿಯೇ ಕೊಡಿ.

ಕೊಕ್ಕೆತಾತಿಯ ಅರ್ಧಚಂದ್ರದ ಪದಕ, ಅದರ ನೆತ್ತಿಯ ನಾಗರಹೆಡೆ, ಅಂಚಿನ ಮುತ್ತುಗಳು ನೋಡಲು ಎಷ್ಟು ಚಂದವೋ ಕೆಲಸದವನಿಗೆ ಅಷ್ಟೇ ತಾಪತ್ರಯ. ಮುತ್ತಿಗೆ ಶಾಖ ಆಗದು, ಆಸಿಡ್ಡಂತೂ ಆಗಲೇ ಆಗದು. ಹೆಸರು ಬೇಕೇಬೇಕೆಂದರೆ ಹಿಂಬದಿಯಲ್ಲಿ, ಕೈಯಿಂದ, ಆಳವಿಲ್ಲದ ಗೆರೆಯಲ್ಲಿ. ಪತ್ತಾಕ್ ಎಂಬ ಇನ್ನೊಂದು ಪದಕದಲ್ಲಿ ಹಳೆಯ ಚಿನ್ನದ ನಾಣ್ಯ ಇದ್ದರೆ ನಾಣ್ಯವನ್ನು ಮುಟ್ಟಿಸಬೇಡಿ, ಸುತ್ತಿನ ಕಟ್ಟಿನಲ್ಲಿ ಜಾಗ ನೋಡಿ. ಹೆಸರು ಕೊರೆದ ನಾಣ್ಯ ಸಂಗ್ರಾಹಕರ ಕಣ್ಣಿಗೆ ಹಾಳಾದ ನಾಣ್ಯ.

ಇನ್ನು ಪೀಚೆಕತ್ತಿ. ಇಲ್ಲಿ ಒಂದು ಮಾತಿನ ಗೊಂದಲ ಇದೆ. ಕತ್ತಿಯನ್ನು ತೊಡಿಸುವುದು ‘ಒರೆ’, ಚಿನ್ನವನ್ನು ತಿಕ್ಕಿ ನೋಡುವುದೂ ‘ಒರೆ’. ನನ್ನ ಗೆಳೆಯನೊಬ್ಬ ಫೋನಿನಲ್ಲಿ ‘ಒರೆಗೆ ಹಾಕಿ ನೋಡಿ’ ಅಂದಿದ್ದಕ್ಕೆ ಆ ಕಡೆಯವರು ಬೆಳ್ಳಿಯನ್ನು ಒರೆಗಲ್ಲಿಗೆ ತಿಕ್ಕಿ ಗುಣ ಹೇಳಿದ್ದರು. ಪಾಪ, ಅವನು ಕೇಳಿದ್ದು ಕತ್ತಿ ಒರೆಯಲ್ಲಿ ಸರಿಯಾಗಿ ಕೂರುತ್ತದೆಯೇ ಅಂತ. ಒರೆ ಮರದ ಮೇಲೆ ಬೆಳ್ಳಿ ತಗಡು ಹೊದಿಸಿದ್ದೋ, ಪೂರ್ತಿ ಲೋಹದ್ದೋ ಎಂದು ಮೊದಲು ನೋಡಿ. ಮರದ ಮೇಲಿನ ತಗಡಾದರೆ ಆಳವಾಗಿ ಕೊರೆಸುವಂತಿಲ್ಲ, ಹರಿದುಹೋಗುತ್ತದೆ. ಹಿಡಿಯ ಬುಡದ ಬೆಳ್ಳಿ ಪಟ್ಟಿ, ಇಲ್ಲವೇ ಸರಪಳಿ ಸೇರುವ ದಪ್ಪ ಕೊಂಡಿ ಹೆಸರಿಗೆ ಒಳ್ಳೆಯ ಜಾಗ. ಅಲಗಿಗೆ ಬೇಡ: ಹದ ಕೊಟ್ಟ ಉಕ್ಕು ಕೈ ಉಳಿಯನ್ನು ಲೆಕ್ಕಿಸುವುದಿಲ್ಲ, ಕೊರೆದ ಗೆರೆಯಲ್ಲಿ ನೀರು ನಿಂತು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಹಿಡಿ ಆನೆದಂತದ್ದಾದರೆ ಅಂಗಡಿಗೆ ಒಯ್ಯುವ ಮಾತೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ನಿಷಿದ್ಧ, ಇಟ್ಟುಕೊಳ್ಳಲೂ ಒಡೆತನದ ಪ್ರಮಾಣಪತ್ರ ಬೇಕು. ಮೊದಲು ಕಾಗದ ಸರಿಯಿದೆಯೇ ನೋಡಿಕೊಳ್ಳಿ, ಬೆಳ್ಳಿಯ ಕೆಲಸ ಕಾಯುತ್ತದೆ.

ಹೊಸ ಚಿನ್ನದ ಒಡವೆಯಾದರೆ ಹಾಲ್‌ಮಾರ್ಕ್ ಎಲ್ಲಿದೆ ಎಂದು ಭೂತಗನ್ನಡಿಯಲ್ಲಿ ಹುಡುಕಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನವನ್ನು ಆರು ಅಕ್ಷರ-ಅಂಕಿಗಳ ಗುರುತಿಲ್ಲದೆ ಅಂಗಡಿಯವರು ಮಾರುವಂತಿಲ್ಲ. ಅದು ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಮೇಲೆಯೇ ಮಗಳ ಹೆಸರು ಕೊರೆಸಿ ಗುರುತನ್ನು ಅಳಿಸಿಕೊಂಡವರಿದ್ದಾರೆ. ಗಿಲೀಟು ಅಥವಾ ಬೆಳ್ಳಿ ಲೇಪದ ವಸ್ತುವನ್ನು ಕೊರೆದರೆ ಒಳಗಿನ ಹಿತ್ತಾಳೆ ಹಳದಿಯಾಗಿ ಇಣುಕುತ್ತದೆ. ಅಂಥದ್ದಕ್ಕೆ ಲೇಸರ್ ಗುರುತೇ ಒಳ್ಳೆಯದು, ಅಲ್ಲಿ ಅದನ್ನು ಬಯ್ಯುವ ಹಾಗಿಲ್ಲ.

ಮೂರನೆಯ ಹೆಜ್ಜೆ: ಕೆಲಸದ ಮಣೆಯ ಮೇಲಿನ ಹೆಸರುಗಳು

ಇವನ್ನು ಬಾಯಿಪಾಠ ಮಾಡಬೇಕಿಲ್ಲ, ಕಿವಿಗೆ ಬಿದ್ದಾಗ ತಿಳಿದರೆ ಸಾಕು. ಉಳಿ ಎಂದರೆ ಎಲ್ಲಕ್ಕೂ ಸಾಮಾನ್ಯ ಪದ. ಕಲ್ಲಿನವರು ಚಾಣ ಅನ್ನುತ್ತಾರೆ. ಕಬ್ಬಿಣದ್ದಾದರೆ ಸುತ್ತಿಗೆ, ಮರದ್ದಾದರೆ ಕೊಡತಿ. ತಿಕ್ಕುವುದು ಅರ, ಹಿಡಿಯುವುದು ಇಕ್ಕಳ, ಸಣ್ಣದನ್ನು ಎತ್ತುವುದು ಚಿಮಟ. ಕರಗಿಸುವುದು ಮೂಸೆಯಲ್ಲಿ, ಉರಿ ಏಳಿಸುವುದು ತಿದಿ ಅಥವಾ ಊದುಗೊಳವೆಯಲ್ಲಿ, ಬೆಸುಗೆಗೆ ಬಿಳಿಗಾರ. ಕುಡುಗೋಲಿನ ಹಲ್ಲಿಗೆ, ಅರದ ತರಿಗೆ ‘ಕಕ್ಕು’ ಎನ್ನುವ ಮಾತು ಹಳ್ಳಿಯ ಕಡೆ ಇನ್ನೂ ಕೇಳಬಹುದು. ಕೊಡಗಿನಲ್ಲಿ ಮರ, ಕಬ್ಬಿಣದ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದ ಸಮುದಾಯ ಐರಿಗಳದು. ಅಂಥ ಮನೆಯ ಹಿರಿಯರ ಬಾಯಲ್ಲಿ ಇದೇ ಉಪಕರಣಗಳಿಗೆ ಬೇರೆ ಹೆಸರು ಸಿಕ್ಕರೆ ತಿದ್ದಲು ಹೋಗಬೇಡಿ, ಬರೆದುಕೊಳ್ಳಿ.

ಕೊರೆಯುವ ಉಳಿಯ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳುತ್ತೇನೆ, ಏಕೆಂದರೆ ಕೈಗುಣವೆಲ್ಲ ಅಲ್ಲೇ ಇರುವುದು. ಅದು ಚೌಕನೆಯ ಉಕ್ಕಿನ ಸಣ್ಣ ಸರಳು. ತುದಿಯನ್ನು ಸುಮಾರು 45 ಡಿಗ್ರಿ ಓರೆಗೆ ಸಾಣೆ ಹಿಡಿದಿರುತ್ತಾರೆ. ಉಕ್ಕನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಿದ ಮೇಲೆ ಮತ್ತೆ ಮೆಲ್ಲನೆ ಕಾಯಿಸಿ, ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಬೇಕು. ಅದೇ ಹದ. ಬಣ್ಣ ದಾಟಿ ನೀಲಿಗೆ ಹೋದರೆ ಮೊನೆ ಬೇಗ ಮೊಂಡಾಗುತ್ತದೆ, ಹುಲ್ಲಿನ ಬಣ್ಣಕ್ಕೂ ಮುಂಚೆ ನಿಲ್ಲಿಸಿದರೆ ಮುರಿಯುತ್ತದೆ. ಕೆಲಸ ಮಾಡುವಾಗ ವಸ್ತುವನ್ನು ಮರಳು ತುಂಬಿದ ಚರ್ಮದ ದಿಂಬಿನ ಮೇಲಿಟ್ಟು ಎಡಗೈಯಿಂದ ತಿರುಗಿಸುತ್ತಾರೆ. ‘ಅ’ದ ದುಂಡು ಬರುವುದು ಉಳಿ ತಿರುಗಿದ್ದರಿಂದಲ್ಲ, ದಿಂಬಿನ ಮೇಲೆ ಪನ್ನೀರುದಾನಿ ತಿರುಗಿದ್ದರಿಂದ. ಇದನ್ನು ಕಣ್ಣಾರೆ ನೋಡಿದ ಮೇಲೆ ನಾನು ಕೈಕೆಲಸದ ದರದಲ್ಲಿ ಚೌಕಾಸಿ ಮಾಡುವುದನ್ನು ಬಿಟ್ಟೆ.

ಚೌಕಾಸಿ ಎಂದಾಗ ಇನ್ನೊಂದು ನೆನಪಾಯಿತು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಗಾದೆ ಹೇಳಿ, ‘ಕೊರೆದ ಪುಡಿ ಯಾರಿಗೆ?’ ಎಂದು ಕೇಳುವವರಿದ್ದಾರೆ. ಒಮ್ಮೆ ಲೆಕ್ಕ ಹಾಕಿ ನೋಡಿದೆ. ಹತ್ತು ಅಕ್ಷರ, ಎಲ್ಲ ಗೆರೆ ಸೇರಿ 150 ಮಿ.ಮೀ. ಉದ್ದ, 0.3 ಮಿ.ಮೀ. ಅಗಲ, 0.15 ಮಿ.ಮೀ. ಆಳದ ಮುಕ್ಕೋನದ ಕಾಲುವೆ ಎಂದಿಟ್ಟುಕೊಳ್ಳಿ. ಬೆಳ್ಳಿಯಾದರೆ ಹೋಗುವುದು ಸುಮಾರು 35 ಮಿಲಿಗ್ರಾಂ, 22 ಕ್ಯಾರೆಟ್ ಚಿನ್ನವಾದರೆ 60 ಮಿಲಿಗ್ರಾಂ. ಒಂದು ಗುಲಗಂಜಿ ತೂಕವೇ ಸುಮಾರು 120 ಮಿಲಿಗ್ರಾಂ. ಅರ್ಧ ಗುಲಗಂಜಿಗಾಗಿ ಒಬ್ಬ ಕಸುಬುದಾರನ ಮುಖ ಕೆಡಿಸಿಕೊಳ್ಳುವುದು ನನಗಂತೂ ಹಿಡಿಸದು.

ನಾಲ್ಕನೆಯ ಹೆಜ್ಜೆ: ಮೊದಲು ಬರೆಯಿಸಿ, ಆಮೇಲೆ ಕೊರೆಸಿ

ಹಳೆಯ ಶಾಸನದವರು ಈ ವಿಷಯದಲ್ಲಿ ನಮಗಿಂತ ಜಾಣರು. ಪದ್ಯ ಕಟ್ಟಿದವನು ಒಬ್ಬ, ಅದನ್ನು ಕಲ್ಲಿನ ಮೇಲೆ ಬರೆದವನು ಇನ್ನೊಬ್ಬ, ಬರೆದದ್ದರ ಮೇಲೆ ಉಳಿ ಇಟ್ಟು ಕಂಡರಿಸಿದವನು ಮತ್ತೊಬ್ಬ ಆಗಿರುವುದುಂಟು. ಕೊನೆಯಲ್ಲಿ ಅವರವರ ಹೆಸರು ಬರುತ್ತದೆ. ‘ರೂವಾರಿ’ ಎಂದರೆ ಶಿಲ್ಪಿ, ‘ಓಜ’ ಎಂದು ಮುಗಿಯುವ ಹೆಸರುಗಳು ಕಸುಬಿನವರವು. ಗಂಗರ ತಾಮ್ರಪಟಗಳಲ್ಲಿ ವಿಶ್ವಕರ್ಮಾಚಾರ್ಯ ಎಂಬ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಕೊಡಗಿನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟವಾಗಿ ಅಚ್ಚು ಮಾಡಿಸಿದರು. ಮಡಿಕೇರಿಯ ಹೆಸರಿನಲ್ಲೇ ಗುರುತಾದ ಗಂಗರ ತಾಮ್ರಪಟ, ಶಕ 809ರ ಬಿಳಿಯೂರು ಶಾಸನ, 10ನೇ ಶತಮಾನದ ಪೆಗ್ಗೂರು ಶಾಸನ ಎಲ್ಲ ಅದರಲ್ಲಿವೆ. ತಾಮ್ರಪಟ ಮಾಡುವವರು ಹಲಗೆಯ ಅಂಚನ್ನು ಸ್ವಲ್ಪ ಎತ್ತರಿಸುತ್ತಿದ್ದರು, ಒಂದರ ಮೇಲೊಂದು ಇಟ್ಟಾಗ ಅಕ್ಷರ ತಿಕ್ಕಿ ಸವೆಯದಿರಲಿ ಎಂದು. ಗೇಟಿನ ಫಲಕ ಮಾಡಿಸುವಾಗ ನೀವೂ ಅಂಚು ಎತ್ತರಿಸಲು ಹೇಳಬಹುದು. ಸಾವಿರ ವರ್ಷದ ಹಳೆಯ ಉಪಾಯ, ಇಂದಿಗೂ ಖರ್ಚಿಲ್ಲ.

ನಿಮ್ಮ ಪಾಲಿಗೆ ಇದರ ಅರ್ಥ ಇಷ್ಟು: ಹೆಸರನ್ನು ಬಾಯಲ್ಲಿ ಹೇಳಿ ಬರಬೇಡಿ. ಒಳ್ಳೆಯ ಕೈಬರಹದವರಿಂದ ನಿಜ ಅಳತೆಯಲ್ಲೇ ಕಾಗದದ ಮೇಲೆ ಬರೆಸಿ. ಕನ್ನಡ ಅಕ್ಷರ ಬರಿ ಮೇಲಕ್ಕೆ ನಿಲ್ಲುವುದಿಲ್ಲ, ಕೆಳಕ್ಕೂ ಇಳಿಯುತ್ತದೆ. ‘ಮ್ಮ’, ‘ಪ್ಪ’, ‘ಕ್ಕ’ ಬಂದ ಸಾಲಿಗೆ ಒತ್ತಿನ ಜಾಗ ಬಿಡದಿದ್ದರೆ ಅದು ಕೆಳಸಾಲಿನ ತಲೆಕಟ್ಟಿಗೆ ಗುದ್ದುತ್ತದೆ. ಕೈಕೊರೆತಕ್ಕೆ ಮುಖ್ಯ ಅಕ್ಷರ 3 ಮಿ.ಮೀ.ಗಿಂತ ಕಿರಿದಾದರೆ ‘ಂ’ ಮತ್ತು ‘ಠ’ದ ಹೊಟ್ಟೆ ತುಂಬಿಹೋಗುತ್ತದೆ. ಕೊಡವ ಮನೆಹೆಸರುಗಳಲ್ಲಿ ‘ಂಡ’ ಎಂದು ಮುಗಿಯುವವು ಎಷ್ಟೊಂದು! ಅಲ್ಲಿ ‘ಡ’ದ ಕೆಳಗೆ ಉಳಿ ಒಂದು ಕೂದಲೆಳೆ ಜಾರಿದರೆ ‘ಢ’ ಆಗುತ್ತದೆ. ‘ದ-ಧ’, ‘ಬ-ಭ’ ಕೂಡ ಅದೇ ಜಾತಿಯವು. ಕಾಗದದಲ್ಲಿ ಇಂಥ ಅಕ್ಷರಗಳ ಸುತ್ತ ಪೆನ್ಸಿಲಿನಲ್ಲಿ ಗುಂಡು ಹಾಕಿ ತೋರಿಸಿ.

ಯಂತ್ರದ ಕೆಲಸವಾದರೆ ತೊಂದರೆ ಬೇರೆ. ನೀವು ವಾಟ್ಸಾಪಿನಲ್ಲಿ ಯೂನಿಕೋಡಿನಲ್ಲಿ ಕಳಿಸಿದ ಹೆಸರು ಅವರ ಹಳೆಯ ತಂತ್ರಾಂಶದಲ್ಲಿ ಒತ್ತು ಕಳಚಿಕೊಂಡು, ‘ಕ್ಷ’ ಎರಡು ತುಂಡಾಗಿ, ಅರ್ಕಾವೊತ್ತು ಎಲ್ಲೋ ಹೋಗಿ ಕೂತಿರುತ್ತದೆ. ‘ಅಕ್ಷರವನ್ನು ಕರ್ವ್ ಮಾಡಿದ ಫೈಲ್ ಕೊಡಲೇ?’ ಎಂದು ಕೇಳಿ. ಕರ್ವ್ ಎಂದರೆ ಅಕ್ಷರವನ್ನು ಬರಹವಾಗಿ ಅಲ್ಲ, ಗೆರೆಯ ಚಿತ್ರವಾಗಿ ಉಳಿಸುವುದು. ಡಿಟಿಪಿ ಮಾಡುವ ಯಾರಾದರೂ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಯಂತ್ರ ಓಡುವ ಮುಂಚೆ ಪರದೆಯ ಮೇಲೆ ಒಂದು ಸಲ ನೀವೇ ಗಟ್ಟಿಯಾಗಿ ಓದಿ. ಮನೆಯವರಲ್ಲದವರಿಗೆ ನಿಮ್ಮ ಮನೆಹೆಸರಿನ ಕಾಗುಣಿತ ಗೊತ್ತಿರಬೇಕಾದ ಕಾರಣವಿಲ್ಲ.

ಐದನೆಯ ಹೆಜ್ಜೆ: ಕೊಟ್ಟು ಬರುವಾಗ ಕೇಳುವುದು

ಆಳ ಎಷ್ಟು? ಬೇರೆ ತುಂಡಿನ ಮೇಲೆ ಒಂದಕ್ಷರ ಮಾಡಿ ತೋರಿಸುತ್ತೀರಾ? ಕಾಯಿಸುತ್ತೀರಾ? ಮೂರನೆಯದಕ್ಕೆ ‘ಹೌದು’ ಎಂದರೆ ಹರಳು, ಮುತ್ತು, ಅರಗು ಎಲ್ಲಿದೆ ಎಂದು ಮತ್ತೆ ಹೇಳಿ. ಗೆರೆಗೆ ಕಪ್ಪು ತುಂಬಬೇಕೋ ಬೇಡವೋ ಎಂದೂ ಹೇಳಿಬಿಡಿ, ಇಲ್ಲದಿದ್ದರೆ ಅವರಿಗೆ ತೋಚಿದ್ದು ಆಗುತ್ತದೆ. ತೂಕ ಮಾಡಿಸಿ, ಫೋಟೋ ತೆಗೆದು, ಚೀಟಿ ಪಡೆಯಿರಿ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕತ್ತಿ-ಕೋವಿ ಹೊರಗೆ ಬರುವುದು ಸೆಪ್ಟೆಂಬರಿನಲ್ಲಿ. ಆಗಸ್ಟ್ ಕೊನೆಗೆ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ, ನೀವು ಮೇ ತಿಂಗಳಲ್ಲೇ ಕೊಟ್ಟುಬಿಡಿ.

ಕಲ್ಲು ಮತ್ತು ಮರಕ್ಕೆ ಹೊರಟವರಿಗೆ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಕಲ್ಲಿನಲ್ಲಿ ಅಕ್ಷರ ಕೊರೆಸುವಾಗ ಈ ಅಂಕಿ ತಲೆಯಲ್ಲಿರಲಿ. ಗೆರೆಯ ತಳ ಮುಕ್ಕೋನವಾಗಿ, ಕೆಳಗಿನ ಗೋಡೆ ಹೊರಕ್ಕೆ ಇಳಿಜಾರಾಗಿದ್ದರೆ ನೀರು ಹರಿದು ಹೋಗುತ್ತದೆ. ಡಬ್ಬಿಯ ಹಾಗೆ ನೇರ ಗೋಡೆ ಇದ್ದರೆ ನಿಂತು ಪಾಚಿ ಕಟ್ಟುತ್ತದೆ, ಮೂರನೆಯ ವರ್ಷಕ್ಕೆ ಹೆಸರು ಹಸಿರು. ಕಪ್ಪು ಗ್ರಾನೈಟಿಗೆ ಬಂಗಾರದ ಬಣ್ಣ ತುಂಬಿಸುವ ಆಸೆ ಬೇಡ, ಎರಡು ಮಳೆಗಾಲಕ್ಕೆ ಏಳುತ್ತದೆ. ಆಳವಿದ್ದರೆ ನೆರಳೇ ಬಣ್ಣ.

ಹಳೆಯ ವೀರಗಲ್ಲುಗಳನ್ನು ಕೊಡಗಿನಲ್ಲಿ ಕೊಲ್ಲೆಕಲ್ಲು ಎಂದು ಕರೆದಿರುವುದನ್ನು ಹಿಂದಿನ ಬರಹಗಳಲ್ಲಿ ನೋಡಬಹುದು. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡ ಈಗ ಸರ್ಕಾರಿ ವಸ್ತುಸಂಗ್ರಹಾಲಯ, ಅಲ್ಲಿ ಇಂಥ ಕಲ್ಲುಗಳನ್ನು ಹತ್ತಿರದಿಂದ ನೋಡಬಹುದು. ತೋಟದ ಬದಿಯಲ್ಲಿ ಒಂದು ಕಂಡರೆ ತಂತಿ ಬ್ರಷ್, ಆಸಿಡ್, ಸೀಮೆಸುಣ್ಣ ಯಾವುದೂ ಬೇಡ. ಮೆತ್ತನೆಯ ಬ್ರಷ್ಷಿನಲ್ಲಿ ನೀರು ಹಾಕಿ ತೊಳೆದು, ಸಂಜೆಯ ಓರೆ ಬೆಳಕು ಬೀಳುವ ತನಕ ಕಾಯಿರಿ. ಮಧ್ಯಾಹ್ನ ಏನೂ ಕಾಣದ ಕಲ್ಲಿನಲ್ಲಿ ಐದೂವರೆಗೆ ಕುದುರೆ, ಕತ್ತಿ, ಅಪ್ಸರೆಯರು ಎದ್ದು ಬರುತ್ತಾರೆ.

ಮರದ ಮಾತು ಚಿಕ್ಕದು. ಕೆತ್ತನೆಗೆ ಬೇಕಾದದ್ದು ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೇಗ ಬೀಳುತ್ತದೆ. ಬಾಚಿ ಒರಟು ಕೆಲಸಕ್ಕೆ, ಉಳಿ ನಯಕ್ಕೆ, ಬೈರಿಗೆ ತೂತಿಗೆ, ಕೀಸುಳಿ ಮಟ್ಟಕ್ಕೆ. ಕಡೆಯುವುದು ಬೇರೆ ಕಸುಬು: ಮರ ತಿರುಗುತ್ತದೆ, ಉಳಿ ನಿಂತಿರುತ್ತದೆ. ಹಳೆಯ ಕಾಫಿ ಗಿಡದ ಬೊಡ್ಡೆಯಲ್ಲಿ ಏನಾದರೂ ಮಾಡಿಸುವ ಆಸೆಯಿದ್ದರೆ ಕಡಿದ ಕೂಡಲೇ ಎರಡೂ ತುದಿಗೆ ಮೇಣ ಹಚ್ಚಿ, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿ. ಬಿಸಿಲಿಗಿಟ್ಟರೆ ತುದಿಯಿಂದ ಸೀಳುತ್ತದೆ. ಒಳ್ಳೆಯ ಮರಗೆತ್ತನೆ ಹೇಗಿರುತ್ತದೆ ಎಂದು ಕಣ್ಣು ತೀಡಿಕೊಳ್ಳಬೇಕಾದರೆ ಕಕ್ಕಬ್ಬೆಯ ಕಡೆ ಹೋಗಿ, ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಲು ತೊಡಗಿದ ನಾಲ್ಕುನಾಡು ಅರಮನೆಯ ಬಾಗಿಲು, ಕಂಬಗಳನ್ನು ನೋಡಿ ಬನ್ನಿ.

ಕಾಫಿ ಚೀಲದ ಅಚ್ಚು, ಮೊಹರು

ಗೋಣಿಚೀಲದ ಮೇಲೆ ತೋಟದ ಹೆಸರು ಹಾಕಲು ಬಳಸುವ ತಗಡಿನ ಅಚ್ಚು ಕೂಡ ಕೆತ್ತನೆಯ ಕುಲದ್ದೇ, ಆದರೆ ಇಲ್ಲಿ ಅಕ್ಷರವೆಂದರೆ ತೂತು. ಇಂಗ್ಲಿಷಿನ ಅಕ್ಷರಗಳಿಗಿಂತ ಕನ್ನಡಕ್ಕೆ ಇದರ ಕಷ್ಟ ಜಾಸ್ತಿ. ಸೊನ್ನೆಯ ನಡುವಿನ ಬಿಲ್ಲೆ, ‘ರ’ದ ಹೊಟ್ಟೆ, ‘ಠ’ದ ಹೊಟ್ಟೆ ಎಲ್ಲ ಕತ್ತರಿಸಿದ ಕೂಡಲೇ ಕೆಳಗೆ ಬೀಳುತ್ತವೆ. ಅವನ್ನು ಹೊರಗಿನ ತಗಡಿಗೆ ಹಿಡಿದಿಡಲು ಪ್ರತಿ ಸುತ್ತಿಗೂ ಎರಡು ಸಣ್ಣ ಸೇತುವೆ ಬಿಡಬೇಕು. ‘ಸೇತುವೆ ಬಿಟ್ಟು ಕತ್ತರಿಸಿ’ ಎಂದು ಬರೆದೇ ಕೊಡಿ.

ಮೊಹರಿನಲ್ಲಿ ಎಲ್ಲವೂ ತಿರುಗುಮುರುಗು. ಅಕ್ಷರ ಎಡಬಲ ತಿರುಗಿ ಇರಬೇಕು. ಅರಗಿನ ಮೇಲೆ ಉಬ್ಬಿ ಬರಬೇಕಾದರೆ ಮೊಹರಿನಲ್ಲಿ ತಗ್ಗಾಗಿ ಕೊರೆಯಬೇಕು. ಮಸಿ ಹಚ್ಚಿ ಕಾಗದಕ್ಕೆ ಒತ್ತುವುದಾದರೆ ಅಕ್ಷರ ಉಳಿದು ಸುತ್ತಲಿನದು ಹೋಗಬೇಕು. ಉಬ್ಬೂ ಇಲ್ಲದ ತಗ್ಗೂ ಇಲ್ಲದ ಮೂರನೆಯ ಬಗೆ ಕಲ್ಲಚ್ಚು. ಎಣ್ಣೆ-ನೀರು ಕೂಡುವುದಿಲ್ಲ ಎಂಬುದೊಂದೇ ಅದರ ಗುಟ್ಟು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ. ಅದನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಮುಂದೆ ಕೊಡಗಿಗೇ ಬಂದು ನೆಲೆಸಿ ಕೆಲಸ ಮಾಡಿದವರು.

ಕೆಲಸ ಮನೆಗೆ ಬಂದ ಮೇಲೆ

ಕೊರೆದ ಬೆಳ್ಳಿಗೆ ಬೂದಿ, ಹಲ್ಲುಜ್ಜುವ ಪೇಸ್ಟು, ಹುಣಸೆಹುಳಿಯ ಜೊತೆಗೆ ತೆಂಗಿನ ನಾರು ಇವೆಲ್ಲ ಶತ್ರುಗಳು. ಉಗುರುಬೆಚ್ಚನೆಯ ಸಾಬೂನು ನೀರು, ಮೆತ್ತನೆಯ ಬಟ್ಟೆ ಸಾಕು, ಅರಗು ತುಂಬಿದ್ದಕ್ಕೆ ತಣ್ಣೀರು. ತೊಳೆದ ಮೇಲೆ ಗೆರೆಯೊಳಗಿನ ತೇವ ಆರುವವರೆಗೆ ಡಬ್ಬಿಗೆ ಹಾಕಬೇಡಿ, ನಮ್ಮ ಜುಲೈ ತಿಂಗಳಲ್ಲಿ ಅದಕ್ಕೆ ಒಂದು ಹಗಲು ಬೇಕಾದೀತು.

ನನ್ನ ಪನ್ನೀರುದಾನಿಯ ಹೆಸರು ಈಗ ಪಾದದ ಸುತ್ತ, ತಳದ ಅಂಚಿನಲ್ಲಿ, ನಾಲ್ಕು ಮಿ.ಮೀ. ಎತ್ತರಕ್ಕೆ ಇದೆ. ಹೊಟ್ಟೆಯ ಭಾಗವನ್ನು ಎಲ್ಲರೂ ಉಜ್ಜುತ್ತಾರೆ, ಪಾದವನ್ನು ಯಾರೂ ಉಜ್ಜುವುದಿಲ್ಲ ಎಂದು ಆ ಜಾಗ ತೋರಿಸಿದ್ದು ಅಕ್ಕಸಾಲಿಗರೇ. ಹೊಟ್ಟೆಯ ಮೇಲೆ ಉಳಿದಿದ್ದ ದೀರ್ಘವನ್ನೂ ಅರ್ಧ ಸೊನ್ನೆಯನ್ನೂ ತಿಕ್ಕಿ ತೆಗೆಯಲೇ ಎಂದು ಕೇಳಿದರು. ಇರಲಿ ಎಂದೆ.